ಊರಾಚೆಯ ಮಾತು: ತಮ್ಮವರಿಗೆ ತಾವೇ ಹಾಕಿದ ಹಾರ

ನಮ್ಮ ಸಂಘಗಳ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪ್ರಾರ್ಥನೆ, ಸ್ವಾಗತ, ವರದಿ ವಾಚನ, ಮಕ್ಕಳ ಕೋಲಾಟ, ನಾಟಕ, ವಂದನಾರ್ಪಣೆ, ಇವುಗಳ ನಡುವೆ ‘ಸನ್ಮಾನ’ ಎಂಬ ಮೂರಕ್ಷರ ತಪ್ಪದೆ ಇರುತ್ತದೆ. ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಬಿನ್ನವತ್ತಳೆ. ಅನುಕೂಲವಿದ್ದರೆ ಮೈಸೂರು ಪೇಟ. ಹಿಂದಿನ ಸಾಲಿನಲ್ಲಿ ಕುಳಿತವರು ಪಿಸುಗುಟ್ಟುವುದೂ ಉಂಟು: “ಹೋದ ವರ್ಷ ಇವರು ಅವರಿಗೆ ಹೊದಿಸಿದರು, ಈ ವರ್ಷ ಅವರು ಇವರಿಗೆ ಹೊದಿಸುತ್ತಿದ್ದಾರೆ.” ಮಾತು ಕೊಂಚ ಚುಚ್ಚುವಂಥದು. ಆದರೂ ಅದರಲ್ಲಿ ನ್ಯಾಯವಾದ ಒಂದು ಪ್ರಶ್ನೆ ಅಡಗಿದೆ. ತಮ್ಮವರನ್ನು ತಾವೇ ಗೌರವಿಸಿಕೊಂಡರೆ ಆ ಗೌರವಕ್ಕೆ ಬೆಲೆ ಎಷ್ಟು?

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಈ ಸಲ ಅಮೆರಿಕದವರೆಗೆ ಹೋಗಿಬರೋಣ. ಅಲ್ಲಿ ಒಂದು ವೈದ್ಯಪಂಗಡವಿದೆ. ಮುಕ್ಕಾಲು ಶತಮಾನ ಕಾಲ ಮಿಕ್ಕ ವೈದ್ಯರು ಅದನ್ನು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳಲಿಲ್ಲ. ಎಷ್ಟೋ ರಾಜ್ಯಗಳು ಪೂರ್ತಿ ಪರವಾನಗಿ ಕೊಡಲು ಮೀನಮೇಷ ಎಣಿಸಿದುವು. ಸೈನ್ಯ ವೈದ್ಯರೆಂದು ಕರೆಯಲಿಲ್ಲ. ದೊಡ್ಡ ವೈದ್ಯಸಂಘ ಮುಖಕೊಟ್ಟು ಮಾತನಾಡಲಿಲ್ಲ. ಆ ಪಂಗಡದವರು ತಮ್ಮದೇ ಸಂಘ ಕಟ್ಟಿಕೊಂಡರು. ತಮ್ಮಲ್ಲಿ ದುಡಿದವರಿಗೆ ತಮ್ಮದೇ ಪ್ರಶಸ್ತಿಗಳನ್ನು ಕೊಡುತ್ತ ಬಂದರು. ಇವರನ್ನು ಆಸ್ಟಿಯೋಪಥಿ ವೈದ್ಯರು ಎನ್ನುವರು. ಹೆಸರಿನ ಮುಂದೆ ‘ಡಿ. ಓ.’ ಎಂದು ಬರೆದುಕೊಳ್ಳುವರು.

ಈ ಎರಡಕ್ಷರ ನಮ್ಮ ಮನೆಗಳಿಗೂ ಈಗ ತೀರ ಅಪರಿಚಿತವಲ್ಲ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳ ಎಷ್ಟೋ ಕನ್ನಡ ಮನೆಗಳ ಮಕ್ಕಳು ಅಮೆರಿಕದಲ್ಲಿ ನೆಲಸಿದ್ದಾರೆ. ಮೊಮ್ಮಕ್ಕಳು ಅಲ್ಲಿಯೇ ಓದುತ್ತಿದ್ದಾರೆ. “ಅಣ್ಣನ ಮೊಮ್ಮಗಳಿಗೆ ಡಿ. ಓ. ಕಾಲೇಜಿನಲ್ಲಿ ಸೀಟು ಸಿಕ್ಕಿತಂತೆ” ಎಂಬ ಸುದ್ದಿ ಬಂದರೆ ಇಲ್ಲಿಯ ಹಿರಿಯರು ಒಂದು ಗಳಿಗೆ ತಡೆದು, “ಯಾಕೆ, ಎಂ. ಡಿ. ಸಿಗಲಿಲ್ಲವೇ?” ಎನ್ನುವರು. ಸಂಬಂಧ ಕುದುರಿಸುವ ಮಾತುಕತೆಯಲ್ಲಂತೂ, “ಹುಡುಗ ನಿಜವಾದ ಡಾಕ್ಟರೋ, ಮೈಕೈ ನೀವುವವನೋ?” ಎಂದು ಕೇಳುವವರಿಗೆ ಕೊರತೆಯಿಲ್ಲ. ಆದ್ದರಿಂದ ಆ ಸಂದೇಹವನ್ನು ಮೊದಲು ತೀರಿಸಿ ಮುಂದೆ ಹೋಗುವುದು ಲೇಸು.

ಅಮೆರಿಕದಲ್ಲಿ ಡಿ. ಓ. ಪಡೆದವನು ಎಂ. ಡಿ. ಪಡೆದವನಂತೆಯೇ ಪೂರ್ಣ ವೈದ್ಯ. ನಾಲ್ಕು ವರ್ಷದ ವ್ಯಾಸಂಗ, ಆಮೇಲೆ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ತರಬೇತಿ, ಪರವಾನಗಿ ಪರೀಕ್ಷೆ, ಎಲ್ಲವೂ ಇದೆ. ಅವನು ಔಷಧಿ ಬರೆಯಬಹುದು, ಶಸ್ತ್ರಚಿಕಿತ್ಸೆ ಮಾಡಬಹುದು, ಹೆರಿಗೆ ಮಾಡಿಸಬಹುದು. ಇದರ ಮೇಲೆ ಕೈಯಿಂದ ಸ್ನಾಯು ಕೀಲುಗಳನ್ನು ಪರೀಕ್ಷಿಸಿ ಚಿಕಿತ್ಸೆ ಮಾಡುವ ವಿದ್ಯೆಯಲ್ಲಿ ಸುಮಾರು ೨೦೦ ಗಂಟೆಗಳ ಹೆಚ್ಚಿನ ಶಿಕ್ಷಣ ಪಡೆದಿರುತ್ತಾನೆ. ಇಂದು ಅಲ್ಲಿಯ ವೈದ್ಯ ವಿದ್ಯಾರ್ಥಿಗಳಲ್ಲಿ ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬರು ಡಿ. ಓ. ಕಾಲೇಜಿನವರು. ಪದವಿಯ ನಂತರದ ಆಸ್ಪತ್ರೆ ತರಬೇತಿಗೆ ಎರಡು ಪಂಗಡಗಳಿಗೂ ಬೇರೆ ಬೇರೆ ವ್ಯವಸ್ಥೆಗಳಿದ್ದುವು. ೨೦೨೦ರಲ್ಲಿ ಅವೆರಡೂ ಒಂದಾದುವು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇಂಗ್ಲೆಂಡಿನಲ್ಲಿಯೂ ಆಸ್ಟಿಯೋಪಥಿ ಉಂಟು. ೧೯೯೩ರಲ್ಲಿ ಅದಕ್ಕೆಂದೇ ಒಂದು ಕಾಯಿದೆಯಾಗಿ, ನೋಂದಣಿಯ ಮಂಡಲಿಯೂ ಏರ್ಪಟ್ಟಿದೆ. ಆದರೆ ಅಲ್ಲಿಯ ಆಸ್ಟಿಯೋಪಥಿಯವರು ಕೈಚಿಕಿತ್ಸೆಗೇ ಸೀಮಿತರು, ಅಮೆರಿಕದ ಡಿ. ಓ.ಗಳಂತೆ ಸಕಲ ಚಿಕಿತ್ಸೆಯ ವೈದ್ಯರಲ್ಲ. ಹೆಸರು ಒಂದೇ ಆದರೂ ಅಧಿಕಾರ ಬೇರೆ. ಬಾಗಿಲ ಮೇಲಿನ ಫಲಕ ಓದುವಾಗ ಆ ಬಾಗಿಲು ಯಾವ ದೇಶದ್ದೆಂಬುದನ್ನೂ ನೋಡಬೇಕು.

‘ಆಸ್ಟಿಯೋ’ ಎಂದರೆ ಗ್ರೀಕ್ ಭಾಷೆಯಲ್ಲಿ ಎಲುಬು. ಎಲುಬಿನ ವೈದ್ಯ ಎಂದೊಡನೆ ನಮ್ಮವರಿಗೆ ಊರಿನ ನಾಟಿವೈದ್ಯರು ನೆನಪಾಗುವರು. ಚೆನ್ನೈ, ಹೈದರಾಬಾದಿನವರಿಗೆ ತಿರುಪತಿಯ ಕಡೆಯ ‘ಪುತ್ತೂರು ಕಟ್ಟು’ ನೆನಪಾಗುವುದು. ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಪುತ್ತೂರು. ಆ ವಿದ್ಯೆಗೂ ಇದಕ್ಕೂ ನೇರ ನಂಟಿಲ್ಲ. ಆದರೆ ಆಸ್ಟಿಯೋಪಥಿಯ ಮೂಲಪುರುಷ ಆಂಡ್ರೂ ಟೇಲರ್ ಸ್ಟಿಲ್ ಎಂಬಾತ ಕಷ್ಟದ ದಿನಗಳಲ್ಲಿ, ತಾನು ಮಿಂಚಿನ ವೇಗದಲ್ಲಿ ಎಲುಬು ಕೂಡಿಸುವವನೆಂದು ಹೇಳಿಕೊಂಡು ಊರೂರು ತಿರುಗಿದ್ದುಂಟು.

ಈ ಸ್ಟಿಲ್ ಹುಟ್ಟಿದ್ದು ೧೮೨೮ರಲ್ಲಿ, ವರ್ಜೀನಿಯಾದಲ್ಲಿ. ತಂದೆ ಮೆಥಡಿಸ್ಟ್ ಪಾದ್ರಿ, ವೈದ್ಯರೂ ಹೌದು. ಆ ಕಾಲದ ಪದ್ಧತಿಯಂತೆ ಮಗ ತಂದೆಯ ಜೊತೆಯಲ್ಲಿಯೇ ರೋಗಿಗಳನ್ನು ನೋಡುತ್ತ ವೈದ್ಯವನ್ನು ಕಲಿತ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಪಕ್ಷದಲ್ಲಿ ಸೇವೆ ಮಾಡಿದ. ೧೮೬೪ರಲ್ಲಿ ಮಿದುಳುಪೊರೆಯ ಜ್ವರ ಮನೆಗೆ ನುಗ್ಗಿ ಮೂವರು ಮಕ್ಕಳನ್ನು ಕೆಲವೇ ದಿನಗಳಲ್ಲಿ ಒಯ್ದಿತು. ಬಂದ ವೈದ್ಯರೆಲ್ಲ ತಮಗೆ ತಿಳಿದದ್ದನ್ನು ಮಾಡಿದರು, ಯಾವುದೂ ಫಲಿಸಲಿಲ್ಲ. ಆಗಿನ ಔಷಧಿಗಳಾದರೂ ಎಂಥವು? ಪಾದರಸದ ಪುಡಿ, ಭೇದಿ ಮಾತ್ರೆ, ಅಫೀಮು, ಮದ್ಯ. ತಾನೂ ವೈದ್ಯನಾಗಿದ್ದು ತನ್ನ ಮಕ್ಕಳನ್ನೇ ಉಳಿಸಿಕೊಳ್ಳಲಾಗಲಿಲ್ಲವೆಂಬ ಕೊರಗು ಅವನನ್ನು ಬಿಡಲಿಲ್ಲ. ಮುಂದಿನ ಹತ್ತು ವರ್ಷ ದೇಹರಚನೆಯ ಅಭ್ಯಾಸದಲ್ಲಿಯೇ ಮುಳುಗಿದ. ಎಲುಬು, ಸ್ನಾಯು, ನರ, ರಕ್ತ ಇವು ಸರಿಯಾದ ಸ್ಥಾನದಲ್ಲಿ ಸರಿಯಾಗಿ ಹರಿದಾಡಿದರೆ ದೇಹ ತನ್ನ ರೋಗವನ್ನು ತಾನೇ ವಾಸಿಮಾಡಿಕೊಳ್ಳಬಲ್ಲುದು ಎಂಬ ಮತಕ್ಕೆ ಬಂದು, ೧೮೭೪ರಲ್ಲಿ ಅದನ್ನು ಬಹಿರಂಗವಾಗಿ ಸಾರಿದ.

ಕ್ಯಾನ್ಸಾಸ್ ರಾಜ್ಯದ ಬೇಕರ್ ವಿಶ್ವವಿದ್ಯಾಲಯವನ್ನು ಕಟ್ಟಲು ನೆರವಾದವರಲ್ಲಿ ಈ ಸ್ಟಿಲ್ ಕುಟುಂಬದವರೂ ಇದ್ದರು. ತನ್ನ ಹೊಸ ಮತವನ್ನು ಅಲ್ಲಿ ವಿವರಿಸಲು ಅವಕಾಶ ಬೇಡಿದಾಗ ಆ ವಿದ್ಯಾಲಯ ಬಾಗಿಲು ಹಾಕಿತು. ತಾವೇ ಕಲ್ಲುಮಣ್ಣು ಹೊತ್ತ ಮನೆಯಲ್ಲಿ ತಮಗೇ ಮಣೆ ಇಲ್ಲವಾಯಿತು. ಸ್ಟಿಲ್ ಊರು ಬಿಟ್ಟು ಮಿಸ್ಸೂರಿ ರಾಜ್ಯದ ಕರ್ಕ್ಸ್‌ವಿಲ್ ಎಂಬ ಚಿಕ್ಕ ಪಟ್ಟಣ ಸೇರಿದ. ೧೮೯೨ರಲ್ಲಿ, ಅರವತ್ತನಾಲ್ಕರ ವಯಸ್ಸಿನಲ್ಲಿ, ಅಲ್ಲಿ ಒಂದು ಶಾಲೆ ತೆರೆದ. ಮೊದಲ ತರಗತಿಯಲ್ಲಿ ಇಪ್ಪತ್ತು ಚಿಲ್ಲರೆ ಮಂದಿ. ಅವರಲ್ಲಿ ಹೆಂಗಸರೂ ಇದ್ದರು. ಆ ಕಾಲದಲ್ಲಿ ಬಹುಮಂದಿ ವೈದ್ಯಶಾಲೆಗಳು ಹೆಣ್ಣುಮಕ್ಕಳನ್ನು ಹೊಸಿಲ ಬಳಿಗೂ ಬಿಟ್ಟುಕೊಳ್ಳುತ್ತಿರಲಿಲ್ಲವೆಂಬುದನ್ನು ನೆನೆಯಬೇಕು. ಇನ್ನೊಂದು ವಿಶೇಷ: ಸರ್ಕಾರ ಕೊಟ್ಟ ಸನ್ನದಿನ ಪ್ರಕಾರ ಆ ಶಾಲೆ ಎಂ. ಡಿ. ಪದವಿಯನ್ನೇ ಕೊಡಬಹುದಾಗಿತ್ತು. ಸ್ಟಿಲ್ ಒಪ್ಪಲಿಲ್ಲ. ತನ್ನ ಹುಡುಗರು ಬೇರೆ ದಾರಿಯವರು, ಬೇರೆ ಅಕ್ಷರ ಹೊರಲಿ ಎಂದು ಡಿ. ಓ. ಪದವಿಯನ್ನೇ ಕೊಟ್ಟ. ಆ ಎರಡಕ್ಷರದ ಹೊರೆ ಎಷ್ಟೆಂಬುದು ಮುಂದಿನ ತಲೆಮಾರುಗಳಿಗೆ ತಿಳಿಯಿತು.

೧೮೯೭ರಲ್ಲಿ ಅದೇ ಕರ್ಕ್ಸ್‌ವಿಲ್‌ನಲ್ಲಿ ಇವರ ಸಂಘ ಹುಟ್ಟಿತು. ೧೯೦೧ರಲ್ಲಿ ಅದಕ್ಕೆ ಅಮೆರಿಕನ್ ಆಸ್ಟಿಯೋಪಥಿಕ್ ಅಸೋಸಿಯೇಷನ್ ಎಂಬ ಹೆಸರಾಯಿತು. ೧೯೧೦ರಲ್ಲಿ ಫ್ಲೆಕ್ಸ್‌ನರ್ ಎಂಬ ಶಿಕ್ಷಣತಜ್ಞ ದೇಶದ ವೈದ್ಯಶಾಲೆಗಳನ್ನೆಲ್ಲ ತಿರುಗಿ ನೋಡಿ ಬರೆದ ವರದಿ ಇವರ ಶಾಲೆಗಳನ್ನೂ ಕಟುವಾಗಿ ಟೀಕಿಸಿತು. ಟೀಕೆಯಲ್ಲಿ ಹುರುಳಿತ್ತು. ಪ್ರಯೋಗಶಾಲೆ ಸಾಲದು, ಆಸ್ಪತ್ರೆ ಸಾಲದು ಎಂಬ ಮಾತು ಸುಳ್ಳಾಗಿರಲಿಲ್ಲ. ಕ್ರಮೇಣ ಶಾಲೆಗಳು ಸುಧಾರಿಸಿದುವು. ಸ್ಟಿಲ್ ದೂರವಿಟ್ಟಿದ್ದ ಔಷಧ ಶಾಸ್ತ್ರವೂ ಪಾಠಕ್ಕೆ ಸೇರಿತು. ಆದರೆ ಎಂ. ಡಿ.ಗಳ ದೊಡ್ಡ ಸಂಘ ಇವರನ್ನು ‘ಕುರುಡು ಪಂಥದವರು’ ಎಂದೇ ಎಣಿಸಿತು. ಇವರೊಡನೆ ಕುಳಿತು ರೋಗಿಯ ವಿಚಾರ ಮಾತನಾಡುವುದು ವೃತ್ತಿಧರ್ಮಕ್ಕೆ ವಿರುದ್ಧವೆಂದು ಬಹುಕಾಲ ವಿಧಿಸಿತ್ತು. ಎರಡು ಮಹಾಯುದ್ಧಗಳಲ್ಲಿಯೂ ಸೈನ್ಯದ ವೈದ್ಯದಳದಲ್ಲಿ ಡಿ. ಓ.ಗಳಿಗೆ ಸ್ಥಾನ ಸಿಗಲಿಲ್ಲ. ಎರಡನೆಯ ಯುದ್ಧದಲ್ಲಿ ಎಂ. ಡಿ.ಗಳೆಲ್ಲ ರಣರಂಗಕ್ಕೆ ಹೋದಾಗ ಊರಿನಲ್ಲಿ ಉಳಿದವರು ಇವರೇ. ಮಕ್ಕಳ ಜ್ವರ, ಮುದುಕರ ಕೆಮ್ಮು, ನಡುರಾತ್ರಿಯ ಹೆರಿಗೆ, ಎಲ್ಲಕ್ಕೂ ಇವರ ಬಾಗಿಲನ್ನೇ ಜನ ತಟ್ಟಿದರು. ಯುದ್ಧ ಮುಗಿದ ಮೇಲೂ ಆ ಜನ ಇವರನ್ನು ಬಿಡಲಿಲ್ಲ. ಅವಮಾನವೆಂದು ಬಂದದ್ದು ಹೀಗೆ ಒಂದು ಬಗೆಯ ಅನುಕೂಲವಾಯಿತು.

ಆಮೇಲೆ ಬಂದದ್ದು ಕ್ಯಾಲಿಫೋರ್ನಿಯದ ಪ್ರಕರಣ. ಗೌರವದ ಬೆಲೆ ಎಷ್ಟೆಂದು ಕೇಳುವವರು ಇದನ್ನು ಅವಶ್ಯವಾಗಿ ತಿಳಿಯಬೇಕು. ೧೯೬೨ರಲ್ಲಿ ಆ ರಾಜ್ಯದ ಡಿ. ಓ.ಗಳ ಸಂಘವೂ ಎಂ. ಡಿ.ಗಳ ಸಂಘವೂ ಒಂದಾಗುವ ಒಪ್ಪಂದ ಜಾರಿಗೆ ಬಂತು. ಲಾಸ್ ಏಂಜಲಿಸ್‌ನಲ್ಲಿದ್ದ ಡಿ. ಓ. ಕಾಲೇಜು ರಾತ್ರಿ ಬೆಳಗಾಗುವುದರೊಳಗೆ ಎಂ. ಡಿ. ಕಾಲೇಜಾಯಿತು. ಬಯಸಿದ ಡಿ. ಓ.ಗಳು ೬೫ ಡಾಲರು ಕಟ್ಟಿದರೆ ಎಂ. ಡಿ. ಪ್ರಮಾಣಪತ್ರ ದೊರೆಯುತ್ತಿತ್ತು. ಮತ್ತೆ ವರ್ಷಗಟ್ಟಲೆ ಓದಬೇಕಾಗಿರಲಿಲ್ಲ. ಸುಮಾರು ೨,೦೦೦ ಮಂದಿ ಹಣ ಕಟ್ಟಿ ಅಕ್ಷರ ಬದಲಾಯಿಸಿಕೊಂಡರು. ಅದೇ ವರ್ಷ ನಡೆದ ಜನಮತ ಗಣನೆಯಂತೆ, ಆ ರಾಜ್ಯದಲ್ಲಿ ಇನ್ನು ಮುಂದೆ ಹೊಸ ಡಿ. ಓ.ಗಳಿಗೆ ಪರವಾನಗಿ ಇಲ್ಲವೆಂದಾಯಿತು.

ಹಣ ಕಟ್ಟಿದವರನ್ನು ಹೀಗಳೆಯುವುದು ನ್ಯಾಯವಲ್ಲ. ದೊಡ್ಡ ಆಸ್ಪತ್ರೆಗಳ ಬಾಗಿಲು ಮುಚ್ಚಿದ್ದಾಗ, ರೋಗಿಯನ್ನು ದಾಖಲು ಮಾಡಲು ಪರರ ಮುಖ ನೋಡಬೇಕಾಗಿದ್ದಾಗ, ಹೆಂಡತಿ ಮಕ್ಕಳುಳ್ಳ ಮನುಷ್ಯ ಏನು ಮಾಡಿಯಾನು? ಪರಸ್ಥಳದಲ್ಲಿ ಬಾಳಿದ ನಮಗೆ ಈ ಇಕ್ಕಟ್ಟು ಅರ್ಥವಾಗದ್ದಲ್ಲ. ಊರಿನವರಂತೆ ಕಾಣಿಸಿಕೊಳ್ಳಲು ಹೆಸರನ್ನೇ ಮೊಟಕು ಮಾಡಿಕೊಂಡವರು ನಮ್ಮಲ್ಲಿಯೂ ಇದ್ದಾರೆ. ಆದರೆ ಕೆಲವರು ಆ ಹಣ ಕಟ್ಟಲಿಲ್ಲ. ಹಳೆಯ ಎರಡಕ್ಷರವನ್ನೇ ಇಟ್ಟುಕೊಂಡು, ತಮ್ಮದೇ ಒಂದು ಸಣ್ಣ ಸಂಘ ಮಾಡಿಕೊಂಡು, ಕೋರ್ಟು ಮೆಟ್ಟಲು ಹತ್ತಿದರು. ೧೯೭೪ರಲ್ಲಿ ಕ್ಯಾಲಿಫೋರ್ನಿಯದ ಶ್ರೇಷ್ಠ ನ್ಯಾಯಾಲಯ ಆ ನಿಷೇಧವನ್ನು ಎತ್ತಿಹಾಕಿತು. ಮೂರು ವರ್ಷಗಳಲ್ಲಿ, ೧೯೭೭ರಲ್ಲಿ, ಅದೇ ರಾಜ್ಯದ ಪೊಮೋನಾದಲ್ಲಿ ಹೊಸ ಡಿ. ಓ. ಕಾಲೇಜು ಹುಟ್ಟಿತು.

ಅಷ್ಟರಲ್ಲಿ ಮಿಕ್ಕ ಬಾಗಿಲುಗಳೂ ಒಂದೊಂದಾಗಿ ತೆರೆದಿದ್ದುವು. ೧೯೬೬ರಲ್ಲಿ ರಕ್ಷಣಾ ಇಲಾಖೆ ಡಿ. ಓ.ಗಳನ್ನು ಸೈನ್ಯದ ವೈದ್ಯರನ್ನಾಗಿ ತೆಗೆದುಕೊಳ್ಳುವಂತೆ ಆಜ್ಞೆ ಮಾಡಿತು. ೧೯೬೯ರಲ್ಲಿ ಎಂ. ಡಿ.ಗಳ ದೊಡ್ಡ ಸಂಘ ಇವರಿಗೂ ಸದಸ್ಯತ್ವ ಕೊಡಲು ಒಪ್ಪಿತು. ಪೂರ್ಣ ಪರವಾನಗಿ ಕೊಟ್ಟ ಕಟ್ಟಕಡೆಯ ರಾಜ್ಯ ಮಿಸಿಸಿಪ್ಪಿ, ೧೯೭೩ರಲ್ಲಿ. ಅದಕ್ಕೆ ಹಿಂದಿನ ವರ್ಷ, ಸಂಘಕ್ಕೆ ಎಪ್ಪತ್ತೈದು ತುಂಬಿದಾಗ, ಅಮೆರಿಕದ ಅಂಚೆ ಇಲಾಖೆ ಆಸ್ಟಿಯೋಪಥಿಯ ಹೆಸರಿನಲ್ಲಿ ೮ ಸೆಂಟಿನ ಒಂದು ಅಂಚೆಚೀಟಿ ಹೊರಡಿಸಿತು. ಅಂಚೆಚೀಟಿ ಕೂಡಿಸುವ ನಮ್ಮ ಮಕ್ಕಳು ಹಳೆಯ ಆಲ್ಬಮ್ಮುಗಳಲ್ಲಿ ಹುಡುಕಿ ನೋಡಬಹುದು. ಹೊರಗಿನವರು ಹಾಕಿದ ಹಾರ ಎಂದರೆ ಇದು. ಬರುವುದಕ್ಕೆ ಎಪ್ಪತ್ತೈದು ವರ್ಷ ಹಿಡಿಯಿತು.

ಆ ಎಪ್ಪತ್ತೈದು ವರ್ಷ ಅವರು ಸುಮ್ಮನೆ ಕೈಕಟ್ಟಿ ಕಾಯುತ್ತ ಕೂರಲಿಲ್ಲ. ತಮ್ಮವರ ದುಡಿಮೆಯನ್ನು ತಾವೇ ಗುರುತಿಸುವ ಪದ್ಧತಿ ಬೆಳೆಸಿಕೊಂಡರು. ಅದು ಇಂದಿಗೂ ನಡೆದಿದೆ. ಸಂಘದ ಅತ್ಯುಚ್ಚ ಗೌರವ ‘ವಿಶಿಷ್ಟ ಸೇವಾ ಪ್ರಮಾಣಪತ್ರ’. ಹೆಸರೇ ಹೇಳುವಂತೆ ಅದು ಒಂದು ಕಾಗದ. ಕೈಚಿಕಿತ್ಸೆಯ ವಿದ್ಯೆಯನ್ನು ವಿಶೇಷವಾಗಿ ಕಾಪಾಡಿಕೊಂಡು ಬಂದಿರುವ ‘ಅಮೆರಿಕನ್ ಅಕಾಡೆಮಿ ಆಫ್ ಆಸ್ಟಿಯೋಪಥಿ’ ಎಂಬ ಇನ್ನೊಂದು ಸಂಸ್ಥೆ ತನ್ನ ಅತ್ಯುಚ್ಚ ಗೌರವವಾಗಿ ಸ್ಟಿಲ್ ಹೆಸರಿನ ಪದಕವನ್ನು ಕೊಡುತ್ತದೆ. ಕುಟುಂಬ ವೈದ್ಯರ ಕಾಲೇಜು ಎಂಬ ಸಂಸ್ಥೆ ವರ್ಷದ ಕುಟುಂಬ ವೈದ್ಯರನ್ನು ಆರಿಸುತ್ತದೆ. ಒಂದೊಂದು ಕಾಲೇಜಿನಲ್ಲಿಯೂ ವಿದ್ಯಾರ್ಥಿಗಳು ತಮ್ಮೊಳಗಿನ ಒಬ್ಬನನ್ನೋ ಒಬ್ಬಳನ್ನೋ ವರ್ಷದ ವಿದ್ಯಾರ್ಥಿಯೆಂದು ಗೌರವಿಸುವುದುಂಟು. ಅಲ್ಲಿ ಅಂಕಗಳಿಗಿಂತ ಊರಿಗೂ ಕಾಲೇಜಿಗೂ ಮಾಡಿದ ಸೇವೆಯೇ ಮುಖ್ಯ.

ಇವುಗಳಲ್ಲಿ ನಮಗೆ ಬಹಳ ಹಿಡಿಸಿದ್ದು ಗುರುಗಳ ಗೌರವಪಟ್ಟಿ. ಯಾವ ಹಿರಿಯ ವೈದ್ಯರು ತಮ್ಮನ್ನು ಕೈಹಿಡಿದು ನಡೆಸಿದರೋ ಅವರ ಹೆಸರನ್ನು ಅವರಿಂದ ಕಲಿತವರೇ ಸೂಚಿಸಬಹುದು. ಊರಿನ ಮೂಲೆಯ ಒಂದು ಚಿಕಿತ್ಸಾಲಯದಲ್ಲಿ ಮೂವತ್ತು ವರ್ಷ ರೋಗಿಗಳನ್ನು ನೋಡುತ್ತ, ಬಂದ ಹುಡುಗರಿಗೆ “ಮೊದಲು ಕೈಯಿಟ್ಟು ನೋಡು, ಆಮೇಲೆ ಮಾತಾಡು” ಎಂದು ಹೇಳಿಕೊಟ್ಟ ವೈದ್ಯನನ್ನು ಯಾವ ಪತ್ರಿಕೆಯೂ ಹುಡುಕಿಕೊಂಡು ಹೋಗುವುದಿಲ್ಲ. ಅವನ ಬೆಲೆ ಗೊತ್ತಿರುವುದು ಅವನ ಶಿಷ್ಯರಿಗೆ. ಆ ಶಿಷ್ಯರ ಬಾಯಿಂದಲೇ ಹೆಸರು ಹೊರಡುವಂತೆ ಏರ್ಪಾಟು ಮಾಡಿದ್ದು ಜಾಣತನ.

ಪ್ರಶಸ್ತಿಗಳಿಗೆ ಯಾರ ಹೆಸರು ಇಟ್ಟಿದ್ದಾರೆಂಬುದನ್ನೂ ಗಮನಿಸಬೇಕು. ಮೆಟಾ ಕ್ರಿಸ್ಟಿ ಎಂಬಾಕೆ ೧೯೨೧ರಲ್ಲಿ ಫಿಲಡೆಲ್ಫಿಯಾದ ಆಸ್ಟಿಯೋಪಥಿ ಕಾಲೇಜಿನಿಂದ ಪದವಿ ಪಡೆದರು. ಈ ಪಂಗಡದ ಮೊದಲ ಕರಿಯ ಜನಾಂಗದ ವೈದ್ಯೆ ಎಂದು ಅವರನ್ನು ನೆನೆಯುತ್ತಾರೆ. ಇಂದು ಅದೇ ಕಾಲೇಜಿನಲ್ಲಿ ಅವರ ಹೆಸರಿನ ಪ್ರಶಸ್ತಿಯಿದೆ. ಲೂಯಿಸಾ ಬರ್ನ್ಸ್ ಎಂಬ ಇನ್ನೊಬ್ಬಾಕೆ ದಶಕಗಳ ಕಾಲ ಮೊಲಗಳ ಬೆನ್ನೆಲುಬಿನ ಮೇಲೆ ಪ್ರಯೋಗ ನಡೆಸಿ, ಬೆನ್ನಿನ ದೋಷಕ್ಕೂ ಒಳಗಿನ ಅವಯವಗಳಿಗೂ ಇರುವ ಸಂಬಂಧವನ್ನು ಹುಡುಕುತ್ತ ೧೯೫೮ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಸ್ಮಾರಕ ಉಪನ್ಯಾಸವಿದೆ. ಸಂಶೋಧನೆಗೆಂದೇ ಇರುವ ಗುಟೆನ್‌ಸೋನ್–ಡೆನ್‌ಸ್ಲೋ ಪ್ರಶಸ್ತಿ ಕರ್ಕ್ಸ್‌ವಿಲ್‌ನ ಇಬ್ಬರು ಅಧ್ಯಾಪಕರ ಹೆಸರನ್ನು ಹೊತ್ತಿದೆ.

ಸಂಶೋಧನೆಗೆ ಪ್ರತ್ಯೇಕ ಪ್ರಶಸ್ತಿ ಏಕೆ ಬೇಕಾಯಿತೆಂಬುದನ್ನು ಮುಚ್ಚಿಡುವ ಕಾರಣವಿಲ್ಲ. ಸ್ಟಿಲ್ ಹೇಳಿದ್ದೆಲ್ಲವೂ ಕಾಲದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಸಕಲ ರೋಗಕ್ಕೂ ಎಲುಬಿನ ಸ್ಥಾನಭ್ರಂಶವೇ ಮೂಲವೆಂಬ ಮಾತನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ತಲೆಬುರುಡೆಯ ಎಲುಬುಗಳನ್ನು ಮೆಲ್ಲಗೆ ಒತ್ತಿ ಮಾಡುವ ಚಿಕಿತ್ಸೆಗೆ ತಕ್ಕ ಆಧಾರವಿಲ್ಲವೆಂದು ಟೀಕಿಸುವವರು ಆ ಪಂಗಡದೊಳಗೂ ಇದ್ದಾರೆ. ಸೊಂಟನೋವಿನ ವಿಷಯದಲ್ಲಿ ಮಾತ್ರ ಕೈಚಿಕಿತ್ಸೆಗೆ ಒಂದು ಮಟ್ಟದ ಬೆಂಬಲ ಸಿಕ್ಕಿದೆ. ೧೯೯೯ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದ ವರದಿ, ಕೈಚಿಕಿತ್ಸೆ ಪಡೆದವರೂ ಮಾಮೂಲು ಚಿಕಿತ್ಸೆ ಪಡೆದವರೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಗುಣ ಹೊಂದಿದರೆಂದೂ, ಕೈಚಿಕಿತ್ಸೆಯವರು ಔಷಧಿ ಕಡಿಮೆ ಬಳಸಿದರೆಂದೂ ಹೇಳಿತು. ಅದ್ಭುತವೇನಲ್ಲ, ಅಲ್ಲಗಳೆಯುವಂಥದೂ ಅಲ್ಲ. ಮೂಲಪುರುಷನ ಮಾತನ್ನು ತಕ್ಕಡಿಗೆ ಹಾಕಿ ತೂಗಿದವನಿಗೂ ಒಂದು ಪಂಗಡ ಪದಕ ಕೊಡುವುದಾದರೆ, ಆ ಪಂಗಡ ಬರಿಯ ಭಜನೆಯ ಮೇಳವಲ್ಲವೆಂದು ನಂಬಬಹುದು.

ಇನ್ನು ಈ ಪಂಗಡ ತಲೆಯ ಮೇಲೆ ಹೊತ್ತ ಒಬ್ಬರ ಕಥೆ ಹೇಳಬೇಕು. ವಿಲಿಯಂ ಆಂಡರ್ಸನ್ ಹುಟ್ಟಿದ್ದು ೧೯೨೭ರಲ್ಲಿ, ಜಾರ್ಜಿಯಾ ರಾಜ್ಯದಲ್ಲಿ, ಕರಿಯ ಜನಾಂಗದವರು. ಡಿ. ಓ. ಓದಿ ಜಾರ್ಜಿಯಾದ ಆಲ್ಬನಿ ಎಂಬ ಊರಿನಲ್ಲಿ ವೈದ್ಯವೃತ್ತಿ ಹೂಡಿದರು. ಕರಿಯರಿಗೆ ಬಸ್ ನಿಲ್ದಾಣದಲ್ಲಿ ಬೇರೆ ಬೆಂಚು, ಗ್ರಂಥಾಲಯಕ್ಕೆ ಪ್ರವೇಶವಿಲ್ಲ ಎಂಬ ಕಾಲ ಅದು. ೧೯೬೧ರ ನವೆಂಬರಿನಲ್ಲಿ ಅಲ್ಲಿ ಚಳವಳಿ ಆರಂಭವಾದಾಗ ಊರವರು ಈ ಡಾಕ್ಟರರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಡಿಸೆಂಬರಿನಲ್ಲಿ ಅವರ ಕರೆಗೆ ಓಗೊಟ್ಟು ಮಾರ್ಟಿನ್ ಲೂಥರ್ ಕಿಂಗ್ ಆಲ್ಬನಿಗೆ ಬಂದರು. ಇಬ್ಬರೂ ಮೆರವಣಿಗೆಯಲ್ಲಿ ಒಟ್ಟಿಗೆ ಬಂಧಿತರಾದರು. ಆಮೇಲೆ ಆಂಡರ್ಸನ್ ಡೆಟ್ರಾಯಿಟ್‌ಗೆ ಹೋಗಿ ಶಸ್ತ್ರವೈದ್ಯರಾದರು, ಅಧ್ಯಾಪಕರಾದರು. ೧೯೯೪ರಲ್ಲಿ ಅಮೆರಿಕನ್ ಆಸ್ಟಿಯೋಪಥಿಕ್ ಅಸೋಸಿಯೇಷನ್ನಿನ ಅಧ್ಯಕ್ಷಪೀಠವನ್ನೇರಿದರು. ಆ ಪೀಠದಲ್ಲಿ ಕುಳಿತ ಮೊದಲ ಕರಿಯರು ಅವರೇ. ಅವರ ಹೆಸರಿನಲ್ಲಿ ಇಂದು ವಿದ್ಯಾರ್ಥಿವೇತನವಿದೆ. ಇದರ ಹಿಂದಿನ ವರ್ಷ, ೧೯೯೩ರಲ್ಲಿ, ಬಾರ್ಬರಾ ರಾಸ್–ಲೀ ಎಂಬ ಡಿ. ಓ. ವೈದ್ಯೆ ಓಹಿಯೋ ವಿಶ್ವವಿದ್ಯಾಲಯದ ಆಸ್ಟಿಯೋಪಥಿ ಕಾಲೇಜಿನ ಮುಖ್ಯಸ್ಥೆಯಾದರು. ಅಮೆರಿಕದ ಯಾವುದೇ ವೈದ್ಯ ಕಾಲೇಜಿಗೆ ಮುಖ್ಯಸ್ಥೆಯಾದ ಮೊದಲ ಕರಿಯ ಮಹಿಳೆ ಅವರು. ಹೊರಗೆ ತಳ್ಳಿಸಿಕೊಂಡ ನೋವನ್ನು ತಾವು ಉಂಡವರು, ಇನ್ನೂ ಹೊರಗೆ ನಿಂತವರಿಗೆ ಜಾಗ ಕೊಟ್ಟರೆಂದು ಇದರಿಂದ ತಿಳಿಯಬಹುದು.

ಸೈನ್ಯದ ಮಾತನ್ನೂ ಪೂರ್ತಿ ಮಾಡಿಬಿಡೋಣ. ೧೯೬೬ರಲ್ಲಿ ಬಾಗಿಲು ತೆರೆಯಿತೆಂದೆವಷ್ಟೆ. ಸರಿಯಾಗಿ ಮೂವತ್ತು ವರ್ಷದ ಮೇಲೆ, ೧೯೯೬ರಲ್ಲಿ, ರೊನಾಲ್ಡ್ ಬ್ಲಾಂಕ್ ಎಂಬ ಡಿ. ಓ. ವೈದ್ಯರು ಅಮೆರಿಕದ ಭೂಸೈನ್ಯದ ವೈದ್ಯದಳಕ್ಕೇ ಮುಖ್ಯಸ್ಥರಾದರು. ೨೦೧೮ರಿಂದ ೨೦೨೫ರವರೆಗೆ ಒಬ್ಬರಾದ ಮೇಲೆ ಒಬ್ಬರಂತೆ ಇಬ್ಬರು ಡಿ. ಓ.ಗಳು ಶ್ವೇತಭವನದಲ್ಲಿ ಅಧ್ಯಕ್ಷರ ವೈದ್ಯರಾಗಿದ್ದರು.

ಈಗ ನಮ್ಮ ಪ್ರಶ್ನೆಗೆ ಬರೋಣ. ೧೯೬೨ರ ಆ ಎಂ. ಡಿ. ಪ್ರಮಾಣಪತ್ರವೂ ಕಾಗದ, ಸಂಘ ಕೊಡುವ ಸೇವಾ ಪ್ರಮಾಣಪತ್ರವೂ ಕಾಗದ. ಮೊದಲನೆಯದನ್ನು ಕೊಟ್ಟವರು ಹೊರಗಿನವರು. ಪಡೆದವನಿಂದ ೬೫ ಡಾಲರಿಗಿಂತ ಹೆಚ್ಚಿನದೇನನ್ನೂ ಬಹುಮಟ್ಟಿಗೆ ಕೇಳಲಿಲ್ಲ. ಎರಡನೆಯದನ್ನು ಕೊಟ್ಟವರು ಮನೆಯವರು. ಆದರೆ ಒಂದು ಬಾಳಿನ ದುಡಿಮೆಯನ್ನು ಕೇಳಿದರು. ಯಾವುದಕ್ಕೆ ಹೆಚ್ಚು ಬೆಲೆ ಎಂಬುದನ್ನು ಓದುಗರೇ ನಿರ್ಣಯಿಸಲಿ. ನಮಗೆ ತೋರುವಂತೆ, ಹಾರ ಹಾಕಿದ ಕೈ ಮನೆಯದೋ ಹೊರಗಿನದೋ ಎಂಬುದು ಮುಖ್ಯವಲ್ಲ. ಯಾವ ಕೆಲಸಕ್ಕಾಗಿ ಹಾಕಿದರು, ಆ ಕೆಲಸ ಎಷ್ಟು ಕಾಲ ನಡೆಯಿತು, ಅದನ್ನು ಕಣ್ಣಾರೆ ಕಂಡವರು ಯಾರು, ಈ ಮೂರನ್ನು ಕೇಳಿದರೆ ಸಾಕು.

ನಮ್ಮ ಸಂಘಗಳೂ ಒಂದು ಬಗೆಯಲ್ಲಿ ಇಂಥ ಪಂಗಡಗಳೇ. ಮಾಟುಂಗದ ಒಂದು ಕೋಣೆಯಲ್ಲಿ ಭಾನುವಾರ ಬೆಳಗ್ಗೆ ಮಕ್ಕಳಿಗೆ ‘ಅ ಆ ಇ ಈ’ ತಿದ್ದಿಸಿದ ಅಕ್ಕನವರನ್ನು ಮಹಾರಾಷ್ಟ್ರ ಸರ್ಕಾರ ಗುರುತಿಸುವುದಿಲ್ಲ. ಬೆಂಗಳೂರಿನ ಸರ್ಕಾರಕ್ಕೆ ಅವರ ವಿಳಾಸವೇ ತಿಳಿಯದು. ದೆಹಲಿಯ ಚಳಿಯಲ್ಲಿ ಬೆಳಗಿನ ಐದು ಗಂಟೆಗೆ ಸ್ಟೇಶನ್ನಿಗೆ ಹೋಗಿ, ಊರಿನಿಂದ ಚಿಕಿತ್ಸೆಗೆ ಬಂದ ಅಪರಿಚಿತರನ್ನು ಆಸ್ಪತ್ರೆಗೆ ಕರೆದೊಯ್ದು, ಭಾಷೆ ಬಾರದವರ ಪರವಾಗಿ ಡಾಕ್ಟರೊಡನೆ ಮಾತನಾಡಿದ ಮಹನೀಯರು ನಮ್ಮಲ್ಲಿದ್ದಾರೆ. ಅವರನ್ನು ನಾವು ಗುರುತಿಸದಿದ್ದರೆ ಇನ್ನಾರು ಗುರುತಿಸಿ ಯಾರು? ಆದ್ದರಿಂದ ‘ನಮ್ಮವರಿಗೆ ನಾವೇ’ ಎಂಬುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಕಾರ್ಯಕಾರಿ ಸಮಿತಿಯವರು ಸರದಿಯ ಮೇಲೆ ಒಬ್ಬರಿಗೊಬ್ಬರು ಹೊದಿಸಿಕೊಂಡರೆ ಮಾತ್ರ ಹಿಂದಿನ ಸಾಲಿನವರ ಪಿಸುಮಾತು ನಿಜವಾದೀತು.

ಸಮಿತಿಯವರು ಒಪ್ಪುವುದಾದರೆ ಎರಡು ಸಣ್ಣ ಸೂಚನೆಗಳು. ಮೊದಲನೆಯದು: ಮುಂದಿನ ವಾರ್ಷಿಕೋತ್ಸವದಲ್ಲಿ ಒಂದು ಸನ್ಮಾನದ ಹೆಸರನ್ನಾದರೂ ಸಮಿತಿ ಆರಿಸದಿರಲಿ. ಸಂಘದ ಕನ್ನಡ ತರಗತಿಯಲ್ಲಿ ಕಲಿತು ಈಗ ದೊಡ್ಡವರಾಗಿರುವ ಮಕ್ಕಳನ್ನು ಕೇಳಲಿ. ಅವರು ಹೇಳಿದ ಹೆಸರನ್ನೇ ಕರೆಯಲಿ. ಎರಡನೆಯದು: ಬಿನ್ನವತ್ತಳೆಯಲ್ಲಿ ‘ಕನ್ನಡಾಂಬೆಯ ಹೆಮ್ಮೆಯ ಪುತ್ರ’ ಮೊದಲಾದ ವಿಶೇಷಣಗಳ ಮಳೆ ಸುರಿಸುವ ಬದಲು, ಅವರು ಏನು ಮಾಡಿದರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಮಾಡಿದರು, ಎಷ್ಟು ಮಂದಿಗೆ ಉಪಕಾರವಾಯಿತು ಎಂಬುದನ್ನು ನಾಲ್ಕು ಸಾಲು ಬರೆಯಲಿ; ಅದರ ಒಂದು ಪ್ರತಿ ಸಂಘದ ಕಡತದಲ್ಲಿಯೂ ಇರಲಿ. ಶಾಲು ನಾಲ್ಕು ವರ್ಷಕ್ಕೆ ಹರಿಯುತ್ತದೆ. ಬರೆದಿಟ್ಟ ನಾಲ್ಕು ಸಾಲನ್ನು ಐವತ್ತು ವರ್ಷದ ಮೇಲೆ ನಮ್ಮ ಮೊಮ್ಮಕ್ಕಳು ಓದಬಹುದು.

ಇನ್ನು, ಅಮೆರಿಕದಿಂದ “ನಮ್ಮ ಹುಡುಗಿ ಡಿ. ಓ. ಮುಗಿಸಿದಳು” ಎಂಬ ಸುದ್ದಿ ಯಾರ ಮನೆಗಾದರೂ ಬಂದರೆ, ದಯವಿಟ್ಟು “ಎಂ. ಡಿ. ಅಲ್ಲವೇ?” ಎಂದು ಕೇಳಬೇಡಿರಿ. ಸಿಹಿ ಹಂಚಿರಿ. ಮುಂದಿನ ಸಲ ಅವಳು ಇಲ್ಲಿಗೆ ಬಂದಾಗ ನಿಮ್ಮ ಸೊಂಟನೋವನ್ನೂ ಒಂದಿಷ್ಟು ತೋರಿಸಿಕೊಳ್ಳಬಹುದು.